ಒತ್ತಾಯವೂ ಒತ್ತಾಸೆಯೂ

ಕನ್ನಡದಲ್ಲಿ ಮೈ ಇಳಿಯುವುದನ್ನು ಹೇಳುವ ಮಾತುಗಳನ್ನು ಒಮ್ಮೆ ಒಟ್ಟಿಗೆ ಕೂಡಿಸಿ ನೋಡಬೇಕು. ಸೊರಗುವುದು, ಬಡವಾಗುವುದು, ಬತ್ತುವುದು, ಕೃಶವಾಗುವುದು, ಇಳಿದುಹೋಗುವುದು: ಒಂದರಲ್ಲಾದರೂ ಸಂತೋಷದ ಸುಳಿವಿಲ್ಲ. ‘ಬಡವಾದ’ ಎಂದರೆ ಹಣ ಹೋಯಿತೆಂದೂ ಆಯಿತು, ಮೈ ಹೋಯಿತೆಂದೂ ಆಯಿತು. ನಮ್ಮ ಹಿರಿಯರು ಎರಡು ನಷ್ಟಗಳಿಗೂ ಒಂದೇ ಮಾತನ್ನು ಇಟ್ಟುಕೊಂಡಿದ್ದರು. ಇದಕ್ಕೆ ಪ್ರತಿಯಾಗಿ ದಪ್ಪಗಾಗುವುದಕ್ಕೆ ಎಷ್ಟೊಂದು ಅಕ್ಕರೆಯ ಮಾತುಗಳು! ಮೈ ಕೈ ತುಂಬಿಕೊಂಡಳು, ಮುಖಕ್ಕೆ ಕಳೆ ಬಂತು, ಮಗು ಗುಂಡುಗುಂಡಾಗಿದೆ. ತವರಿಗೆ ಬಂದ ಮಗಳನ್ನು ತಾಯಿ ಹೊಸಿಲಲ್ಲೇ ನಿಲ್ಲಿಸಿ “ಯಾಕೆ ಇಷ್ಟು ಇಳಿದುಹೋಗಿದ್ದೀಯೆ?” ಎಂದು ಕೇಳಿದರೆ, ಆ ಪ್ರಶ್ನೆಯ ಹಿಂದೆ ಅತ್ತೆಯ ಮನೆಯ ಮೇಲೊಂದು ಆಪಾದನೆಯೇ ಅಡಗಿರುತ್ತದೆ.

ಭಾಷೆ ಕಾರಣವಿಲ್ಲದೆ ಹೀಗೆ ಒಂದು ಕಡೆಗೆ ವಾಲುವುದಿಲ್ಲ. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸೀಮೆಯನ್ನು ಭೀಕರವಾದ ಬರ ಹಿಡಿದಿತ್ತು. 1871ರ ಗಣತಿಯಲ್ಲಿ 50 ಲಕ್ಷವನ್ನು ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ 42 ಲಕ್ಷಕ್ಕಿಂತಲೂ ಕೆಳಗೆ ಇಳಿದಿತ್ತು. ಆ ಬರದಲ್ಲಿ ಉಳಿದುಕೊಂಡವರ ಮೊಮ್ಮಕ್ಕಳ ಕೈಯಡುಗೆ ಉಂಡು ಬೆಳೆದವರು ನಾವು. ಅನ್ನದ ಮೇಲೆ ಅವರಿಗಿದ್ದ ಭಕ್ತಿ, ಎಲೆಯಲ್ಲಿ ಒಂದು ಅಗುಳು ಉಳಿದರೂ ಅವರಿಗಾಗುತ್ತಿದ್ದ ಸಂಕಟ, ಸಾಕೆಂದು ಕೈ ಅಡ್ಡ ಹಿಡಿದವರಿಗೂ ಬೆರಳ ಸಂದಿಯಿಂದ ಇನ್ನೊಂದು ಸೌಟು ಸುರಿಯುವ ಹಟ, ಇವನ್ನು ಅಜ್ಞಾನವೆಂದು ನಗುವವರೊಡನೆ ನಾನು ಸೇರಲಾರೆ. ಅದು ಹಸಿವನ್ನು ಕಂಡವರ ಪ್ರೀತಿ. ಕಷ್ಟವೆಂದರೆ, ಹಸಿವು ದೂರವಾದ ಮನೆಗಳಲ್ಲಿಯೂ ಆ ಪ್ರೀತಿ ಇನ್ನೂ ಸೌಟನ್ನು ಕೆಳಗಿಟ್ಟಿಲ್ಲ. ಬಡಿಸುವ ಕೈಗೆ ಬೇಡವೆನ್ನುವುದು ನಮ್ಮಲ್ಲಿ ಬರಿಯ ಊಟದ ಮಾತಾಗುವುದೇ ಇಲ್ಲ, ಸಂಬಂಧದ ಮಾತಾಗಿಬಿಡುತ್ತದೆ. ಇಂಥ ನಾಡಿನಲ್ಲಿ ಒಬ್ಬರು ತಮ್ಮ ಮೈಯನ್ನು ಬೇಕೆಂದೇ ಇಳಿಸಹೊರಟರೆ, ಅವರ ಜೊತೆಗೆ ನಿಲ್ಲುವುದು ಹೇಗೆಂಬುದು ಸುತ್ತಲಿನವರಿಗೆ ತಿಳಿಯದೆ ಹೋಗುತ್ತದೆ. ನಾನು ಇಲ್ಲಿ ಬರೆಯಹೊರಟಿರುವುದು ಈ ತೊಡಕನ್ನು ಕುರಿತು.

ನನಗೆ ಈಗ ಐವತ್ತು ದಾಟಿದೆ. ಮೈಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುವುದು ಕಸುಬು. ನಿಂತು ಮಾತಾಡಿ ಬದುಕುವವರಿಗೆ ಒಂದು ವಯಸ್ಸಿನಲ್ಲಿ ಮಂಡಿಗಳೂ ಮಾತಾಡತೊಡಗುತ್ತವೆ. 2023ರ ದೀಪಾವಳಿಯ ಹೊತ್ತಿಗೆ ನನ್ನವೆರಡೂ ವಾಚಾಳಿಗಳಾಗಿದ್ದವು. ವೈದ್ಯರು ತೂಗಿದರು: 81 ಕಿಲೋ. ಎತ್ತರ 155 ಸೆಂಟಿಮೀಟರು. ಕಿಲೋಗಳನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿ, ಬಂದ ಸಂಖ್ಯೆ 33 ದಾಟಿದೆ ಎಂದು ಚೀಟಿಯಲ್ಲಿ ಬರೆದರು. 25 ಆದ ಭಾರತೀಯರನ್ನು ಸ್ಥೂಲಕಾಯರೆಂದೇ ಎಣಿಸಬೇಕೆಂದು ನಮ್ಮ ದೇಶದ ತಜ್ಞರು 2009ರಲ್ಲಿ ಒಮ್ಮತದಿಂದ ಪ್ರಕಟಿಸಿದ್ದಾರೆ. (ಈ ಭಾಗಾಕಾರವನ್ನು ಹುಡುಕಿಕೊಟ್ಟಾತ ವೈದ್ಯನೇ ಅಲ್ಲವೆಂಬುದು ಸ್ವಾರಸ್ಯದ ಸಂಗತಿ. ಆತ ಹತ್ತೊಂಬತ್ತನೆಯ ಶತಮಾನದ ಬೆಲ್ಜಿಯಂ ದೇಶದ ಖಗೋಳಜ್ಞ ಅಡಾಲ್ಫ್ ಕೆಟಲೆ. ಆತ ಹುಡುಕುತ್ತಿದ್ದದ್ದು ಜನಸಮುದಾಯದ ‘ಸರಾಸರಿ ಮನುಷ್ಯ’ನನ್ನು. ಗುಂಪನ್ನು ಅಳೆಯಲು ಹುಟ್ಟಿದ ಗಜಕಡ್ಡಿಯಿಂದ ಇಂದು ಒಬ್ಬೊಬ್ಬರನ್ನೇ ನಿಲ್ಲಿಸಿ ಅಳೆಯುತ್ತಿದ್ದೇವೆ.) ವೈದ್ಯರು ನನ್ನನ್ನು ಹೆದರಿಸಲಿಲ್ಲ. “ಎಂಟು ಕಿಲೋ ಇಳಿಸಿ, ಸದ್ಯಕ್ಕೆ ಸಾಕು” ಎಂದರು. ಒಂದು ಕಿಲೋ ಇಳಿದರೆ ಹೆಜ್ಜೆಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಹಗುರಾಗುತ್ತದೆಂದು ವಿವರಿಸಿದರು. ಮಂಡಿ ಸವೆದ ಹಿರಿಯರನ್ನು ಕುರಿತು ಅಮೆರಿಕದಲ್ಲಿ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದ ಲೆಕ್ಕ ಅದು. ಜಿಪುಣರಿಗೂ ಹಿಡಿಸುವಂಥ ಬಡ್ಡಿ!

ನಾವು ನಾಲ್ವರು ಒಟ್ಟಾದೆವು. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಎದುರುಮನೆಯವರು ಒಬ್ಬರು. ಎರಡನೆಯ ಹೆರಿಗೆಯಾಗಿ ವರ್ಷ ಕಳೆದಿದ್ದ ಪಕ್ಕದ ಬೀದಿಯ ಹುಡುಗಿ ಒಬ್ಬಳು. ನಮ್ಮೆಲ್ಲರ ರವಿಕೆಗಳನ್ನು ಹೊಲಿಯುವಾಕೆ ಒಬ್ಬಳು. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ಬಿಟ್ಟು ವಿದ್ಯುತ್ತಿನದಕ್ಕೆ ಬದಲಾದ ಮೇಲೆ ತನಗೆ ಹೊಟ್ಟೆ ಬಂತೆಂಬುದು ಆಕೆಯ ವಾದ. ಬೆಳಗಿನ ಆರಕ್ಕೆ ಮೊದಲೇ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಮ್ಮ ನಡಿಗೆ. ಆ ಹಾದಿಯಲ್ಲಿ ಹಿಂದೆ ಯಾರು ಯಾರು ನಡೆದಿದ್ದರೆಂಬುದನ್ನು ಮೈಸೂರಿನ ಸಾಹಿತ್ಯಪ್ರಿಯರಿಗೆ ನಾನು ಹೇಳಬೇಕಾಗಿಲ್ಲ. ಅವರು ಕಂಡ ಸೂರ್ಯೋದಯ ನಮಗೂ ಕಂಡಿತೆಂದು ಹೇಳಿದರೆ ಸುಳ್ಳಾದೀತು. ಮೊದಲ ತಿಂಗಳು ನಮಗೆ ಕಂಡದ್ದು ನಮ್ಮ ಏದುಸಿರು ಮಾತ್ರ.

ಮೊದಲ ವಾರ ನನ್ನ ತೂಕದಲ್ಲಿ 1 ಕಿಲೋ 700 ಗ್ರಾಂ ಇಳಿಯಿತು. ಆ ದಿನ ನನಗಾದ ಆನಂದವನ್ನು ಇಂದು ನೆನೆದರೆ ನಗು ಬರುತ್ತದೆ. ತರಗತಿಯಲ್ಲಿ ಹಳಗನ್ನಡದ ವ್ಯಾಕರಣ ಕೂಡ ರಸವತ್ತಾಗಿ ಹರಿಯಿತೆಂದು ವಿದ್ಯಾರ್ಥಿಗಳೇ ಹೇಳಿದರು. ಶರೀರಶಾಸ್ತ್ರ ಬಲ್ಲವರು ಈ ಆನಂದಕ್ಕೆ ಸೊಪ್ಪು ಹಾಕುವುದಿಲ್ಲ. ನಮ್ಮ ಯಕೃತ್ತಿನಲ್ಲಿಯೂ ಮಾಂಸಖಂಡಗಳಲ್ಲಿಯೂ ಪಿಷ್ಟದ ಒಂದು ಸಣ್ಣ ದಾಸ್ತಾನಿರುತ್ತದೆ. ಅದರ ಒಂದೊಂದು ಗ್ರಾಮಿನ ಜೊತೆಗೆ ಸುಮಾರು ಮೂರು ಗ್ರಾಂ ನೀರು ನೆಲೆಸಿರುತ್ತದೆ. ಊಟ ಕಡಿಮೆಯಾದೊಡನೆ ಮೊದಲು ಖರ್ಚಾಗುವುದು ಈ ದಾಸ್ತಾನು, ಅದರ ಹಿಂದೆಯೇ ಹೊರಟುಹೋಗುವುದು ಆ ನೀರು. ಕೊಬ್ಬು ಕರಗುವುದು ನಿಧಾನದ ಕೆಲಸ. ಒಂದು ಕಿಲೋ ಕೊಬ್ಬಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಲೊರಿಗಳು ಅಡಗಿವೆ. ಒಂದು ಗಂಟೆ ಬೀಸುನಡಿಗೆಯಲ್ಲಿ ನನ್ನಂಥವರು ಕಳೆಯುವುದು ಇನ್ನೂರೈವತ್ತರ ಆಸುಪಾಸು. ತುಪ್ಪ ಸವರಿದ ಒಂದು ಒಬ್ಬಟ್ಟು ಆ ಲೆಕ್ಕವನ್ನು ಕೂತಲ್ಲೇ ಸರಿದೂಗಿಸಿಬಿಡುತ್ತದೆ. ಇದನ್ನು ತಿಳಿದವರು ಮೊದಲ ವಾರದಲ್ಲಿ ಹಿಗ್ಗಬಾರದು, ಆರನೆಯ ವಾರದಲ್ಲಿ ಕುಗ್ಗಬಾರದು. ಆದರೆ ಮನಸ್ಸು ಶರೀರಶಾಸ್ತ್ರವನ್ನು ಓದಿಕೊಂಡು ಹುಟ್ಟಿಲ್ಲ. ಬೆಳಿಗ್ಗೆ ತೂಕದ ಯಂತ್ರದಿಂದ ಕೆಳಗಿಳಿಯುವಾಗ ಕಂಡ ಅಂಕಿ ಇಡೀ ದಿನದ ಬಣ್ಣವನ್ನು ನಿರ್ಧರಿಸುತ್ತಿತ್ತು. ಇನ್ನೂರು ಗ್ರಾಂ ಇಳಿದರೆ ಜಗತ್ತೆಲ್ಲ ಒಳ್ಳೆಯದು. ಮುನ್ನೂರು ಗ್ರಾಂ ಏರಿದರೆ ಬಸ್ಸಿನ ನಿರ್ವಾಹಕನಿಂದ ಹಿಡಿದು ಪ್ರಾಂಶುಪಾಲರವರೆಗೆ ಎಲ್ಲರೂ ನನ್ನ ವೈರಿಗಳು. ಹಿಂದಿನ ರಾತ್ರಿಯ ಸಾರಿಗೆ ಉಪ್ಪು ತುಸು ಹೆಚ್ಚಾಗಿದ್ದರೂ ಆ ಮುನ್ನೂರು ಗ್ರಾಂ ಬಂದೀತು!

ಈ ಏರಿಳಿತವನ್ನು ಒಬ್ಬರೇ ಹೊರಲಾಗದೆಂದು ಕಂಡುಕೊಂಡವರಲ್ಲಿ ನಾವು ಮೊದಲಿಗರಲ್ಲ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ, ಅಂತ್ಯಕ್ರಿಯೆಗಳನ್ನು ನಡೆಸಿಕೊಡುವ ವೃತ್ತಿಯವನು, ತಾನು ಮೈ ಇಳಿಸಿದ ಬಗೆಯನ್ನು ಸಾರ್ವಜನಿಕರಿಗೊಂದು ಪತ್ರದ ರೂಪದಲ್ಲಿ ಅಚ್ಚು ಹಾಕಿಸಿದ. ತನ್ನ ಪಾದರಕ್ಷೆಯ ದಾರವನ್ನು ತಾನೇ ಕಟ್ಟಿಕೊಳ್ಳಲಾಗದೆ, ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿಯುತ್ತಿದ್ದುದನ್ನು ಆತ ಮುಚ್ಚಿಡಲಿಲ್ಲ. ಸಭೆಗಳಲ್ಲಿಯೂ ಗಾಡಿಗಳಲ್ಲಿಯೂ ಜನ ಆಡಿದ ಚುಚ್ಚುಮಾತುಗಳನ್ನೂ ಬರೆದ. ಮೊದಲ ಮುದ್ರಣವನ್ನು ಹಣ ತೆಗೆದುಕೊಳ್ಳದೆ ಹಂಚಿದ. ಬಳಿ ಯಾರೂ ಇಲ್ಲದವನು ಕಾಣದ ಓದುಗರನ್ನು ಒಡನಾಡಿಗಳನ್ನಾಗಿ ಮಾಡಿಕೊಂಡನೆಂದು ನನಗೆ ತೋರುತ್ತದೆ.

ಅಲ್ಲಿಂದ ಸುಮಾರು ನೂರು ವರ್ಷಗಳ ಮೇಲೆ, 1961ರಲ್ಲಿ, ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ಜೀನ್ ನಿಡೆಚ್ ಎಂಬ ಗೃಹಿಣಿಯ ಕಥೆ ಇನ್ನೂ ಹತ್ತಿರದ್ದು. ಆಕೆ ನಗರದ ಆರೋಗ್ಯ ಇಲಾಖೆಯ ಚಿಕಿತ್ಸಾಲಯಕ್ಕೆ ಹೋಗಿ ಪಥ್ಯ ಹಿಡಿದು ಇಪ್ಪತ್ತು ಪೌಂಡು ಇಳಿಸಿದ್ದಳು. ಆದರೆ ಬಿಸ್ಕತ್ತಿನ ಚಪಲ ಬಿಟ್ಟಿರಲಿಲ್ಲ. ಕದ್ದು ತಿನ್ನುವ ವಿಷಯವನ್ನು ಚಿಕಿತ್ಸಾಲಯದಲ್ಲಿ ಹೇಳಲು ನಾಚಿಕೆ. ಕೊನೆಗೆ ತನ್ನಂತೆಯೇ ದಪ್ಪಗಿದ್ದ ಆರು ಮಂದಿ ಗೆಳತಿಯರನ್ನು ಮನೆಗೆ ಕರೆದು ಎಲ್ಲವನ್ನೂ ಹೇಳಿಕೊಂಡಳು. ಅವರು ಉಪದೇಶ ಮಾಡಲಿಲ್ಲ. ತಾವು ಎಲ್ಲೆಲ್ಲಿ ಬಚ್ಚಿಟ್ಟುಕೊಂಡು ತಿನ್ನುತ್ತೇವೆಂಬುದನ್ನು ಹೇಳತೊಡಗಿದರು. ಆ ಕೂಟದಿಂದ 1963ರಲ್ಲಿ ‘ವೆಯ್ಟ್ ವಾಚರ್ಸ್’ ಹುಟ್ಟಿತು. ಮುಂದಿನದು ವ್ಯಾಪಾರದ ಚರಿತ್ರೆ: 1978ರಲ್ಲಿ ಟೊಮೇಟೊ ಸಾಸಿನ ಹೈಂಜ್ ಕಂಪನಿ ಅದನ್ನು ಕೊಂಡುಕೊಂಡಿತು, ಹಲವು ಕೈ ಬದಲಾಗಿ, 2025ರಲ್ಲಿ ಸಾಲದ ಭಾರ ತಾಳಲಾರದೆ ಆ ಸಂಸ್ಥೆ ದಿವಾಳಿತನದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ನನ್ನ ಗಮನವಿರುವುದು ಮೊದಲ ಸಂಜೆಯ ಮೇಲೆ. ಆ ಏಳು ಮಂದಿ ಹೆಂಗಸರು ಒಬ್ಬರಿಗೊಬ್ಬರು ಕೊಟ್ಟದ್ದು ಏನು? ಅದು ಮೆಚ್ಚುಗೆಯಲ್ಲ, ಎಚ್ಚರಿಕೆಯೂ ಅಲ್ಲ. ನಾಚಿಕೆಯನ್ನು ಏಳು ಪಾಲು ಮಾಡಿ ಹಂಚಿಕೊಂಡರು, ಅಷ್ಟೆ. ಕೆರೆಯ ಏರಿಯ ಮೇಲೆ ಬ್ಯಾಂಕಿನವರು ಒಂದು ದಿನ ನಡಿಗೆ ನಿಲ್ಲಿಸಿ, ದೇವರ ಮನೆಯ ಬೀರುವಿನಲ್ಲಿ ಕೊಬ್ಬರಿ ಮಿಠಾಯಿಯ ಡಬ್ಬಿ ಇದೆಯೆಂದು ಮೆಲ್ಲನೆ ಹೇಳಿದಾಗ ನಮಗೂ ಅಂಥದೇ ಬಿಡುಗಡೆ ದೊರಕಿತು. ಹೊಲಿಗೆಯಾಕೆ ತನ್ನದು ಬಟ್ಟೆಯ ತುಂಡುಗಳ ಚೀಲದೊಳಗಿದೆ ಎಂದಳು.

ಮೂರು ತಿಂಗಳಲ್ಲಿ ನನ್ನ ತೂಕ 75ಕ್ಕೆ ಬಂದಿತು. ಅಲ್ಲಿಗೆ ನಿಂತಿತು. ಹನ್ನೊಂದು ವಾರ ಅದೇ ನಡಿಗೆ, ಅದೇ ಪಥ್ಯ, ಅದೇ ಅಂಕಿ. ತೂಕ ಇಳಿಸುವವರ ದಾರಿಯಲ್ಲಿ ಇದಕ್ಕಿಂತ ಮಂಕಾದ ಬಯಲು ಇನ್ನೊಂದಿಲ್ಲ. ಇದಕ್ಕೂ ಕಾರಣ ದೇಹದಲ್ಲಿಯೇ ಇದೆ. ಇಳಿದ ದೇಹಕ್ಕೆ ಮೊದಲಿನಷ್ಟು ಇಂಧನ ಬೇಡ. ಅದಲ್ಲದೆ, ಬರ ಬಂತೆಂದು ಹೆದರಿದ ಸಂಸಾರಿಯ ಹಾಗೆ ದೇಹ ಖರ್ಚನ್ನು ಇನ್ನೂ ಬಿಗಿ ಹಿಡಿಯುತ್ತದೆ. ಅಮೆರಿಕದ ದೂರದರ್ಶನದ ಸ್ಪರ್ಧೆಯೊಂದರಲ್ಲಿ ಭಾರಿಯಾಗಿ ತೂಕ ಇಳಿಸಿದ ಹದಿನಾಲ್ವರನ್ನು ಆರು ವರ್ಷಗಳ ಮೇಲೆ ಪರೀಕ್ಷಿಸಿದ ವರದಿ 2016ರಲ್ಲಿ ಬಂದಿತು. ಹೆಚ್ಚಿನವರ ತೂಕ ಮರಳಿ ಏರಿತ್ತು. ಆದರೂ ಅವರ ದೇಹಗಳು ವಿಶ್ರಾಂತಿಯ ಹೊತ್ತಿನಲ್ಲಿ ಖರ್ಚು ಮಾಡುತ್ತಿದ್ದ ಶಕ್ತಿ, ಆ ಗಾತ್ರದವರಲ್ಲಿ ಇರಬೇಕಾದ್ದಕ್ಕಿಂತ ದಿನಕ್ಕೆ ಸರಾಸರಿ 500 ಕ್ಯಾಲೊರಿಯಷ್ಟು ಕಡಿಮೆಯಾಗಿಯೇ ಉಳಿದಿತ್ತು. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಇನ್ನೊಂದು ಅಧ್ಯಯನ, ತೂಕ ಇಳಿಸಿದವರಲ್ಲಿ ಹಸಿವನ್ನು ಕೆರಳಿಸುವ ರಸಗಳು ಒಂದು ವರ್ಷದ ಮೇಲೆಯೂ ತಗ್ಗಿರಲಿಲ್ಲವೆಂದು ತೋರಿಸಿತು. ಧಾತು ಈಶ್ವರದ ಬರವನ್ನು ನಾವು ಮರೆತಿರಬಹುದು. ದೇಹ ಯಾವ ಬರವನ್ನೂ ಮರೆತಿಲ್ಲ.

ಈ ಬಯಲಿನಲ್ಲಿಯೇ ಜೊತೆಗಾರರ ಪರೀಕ್ಷೆ ನಡೆಯುವುದು. ತೂಕ ಇಳಿಯುತ್ತಿರುವಾಗ ಊರೆಲ್ಲ ನೆಂಟರು. ಅಧ್ಯಾಪಕರ ಕೊಠಡಿಯಲ್ಲಿ “ಓಹೋ, ಗುರುತೇ ಸಿಗಲಿಲ್ಲ” ಎಂದವರು, ಅಂಕಿ ನಿಂತ ಮೇಲೆ “ನಿಂತುಹೋಯಿತೇ?” ಎಂದು ಕೇಳಿದರು, ಆಮೇಲೆ ಕೇಳುವುದನ್ನೂ ಬಿಟ್ಟರು. ನಾಲ್ವರೊಳಗೂ ಮಾತು ಸಪ್ಪಗಾಯಿತು. ಬ್ಯಾಂಕಿನವರ ತೂಕ ಒಂದೇ ಸಮನೆ ಇಳಿಯುತ್ತಿತ್ತು. ಪಕ್ಕದ ಬೀದಿಯ ಹುಡುಗಿಯದು ಏರುತ್ತಿತ್ತು. ಏರಿದವಳಿಗೆ ಇಳಿದವರ ಮುಖ ನೋಡುವುದೇ ಬೇಡವಾಗಿ, ಒಂದು ವಾರ ಮಗುವಿಗೆ ನೆಗಡಿಯೆಂದು ಹೇಳಿಕಳುಹಿಸಿದಳು. ಅಸೂಯೆ ಎಂಬ ದೊಡ್ಡ ಮಾತು ಬೇಡ. ಒಂದೇ ಹೊರೆ ಹೊತ್ತವರಲ್ಲಿ ಒಬ್ಬರ ತಲೆ ಮೊದಲು ಹಗುರಾದಾಗ ಉಳಿದವರ ಕುತ್ತಿಗೆ ಇನ್ನಷ್ಟು ನೋಯುತ್ತದೆ. ಎಂಟನೆಯ ದಿನ ಹೊಲಿಗೆಯಾಕೆ ಅವಳ ಮನೆಯ ಬಾಗಿಲಲ್ಲಿ ನಿಂತು, “ಬಾ ತಾಯಿ, ತೂಕ ಯಾರಿಗೆ ಬೇಕು, ನನಗೆ ಕತ್ತಲಲ್ಲಿ ಒಬ್ಬಳೇ ನಡೆಯೋಕೆ ಭಯ” ಎಂದಳಂತೆ. ಅವಳು ಬಂದಳು. ಅಂದಿನಿಂದ ಏರಿಯ ಮೇಲೆ ಅಂಕಿ ಹೇಳಬಾರದೆಂದು ನಾವು ಗೊತ್ತು ಮಾಡಿಕೊಂಡೆವು.

ಒತ್ತಾಯ, ಒತ್ತಾಸೆ: ಕನ್ನಡದಲ್ಲಿ ಈ ಎರಡು ಮಾತುಗಳ ನಡುವೆ ಒಂದೇ ಅಕ್ಷರದ ಅಂತರ. ತಿನ್ನು ಎಂಬ ಒತ್ತಾಯ ನಮಗೆ ಹಳೆಯದು. ಇಳಿಸು ಎಂಬ ಒತ್ತಾಯ ಹೊಸದು. ಎರಡೂ ಪ್ರೀತಿಯ ವೇಷದಲ್ಲಿಯೇ ಬರುತ್ತವೆ. ಹೊಗಳಿಕೆಯನ್ನು ಕೂಡ ನಾನು ಈ ಸಾಲಿಗೇ ಸೇರಿಸುತ್ತೇನೆ, ಓದುಗರು ಸಿಟ್ಟಾಗಬಾರದು. “ಈಗ ಎಷ್ಟು ಚೆನ್ನಾಗಿ ಕಾಣುತ್ತೀರಿ!” ಎಂದರೆ ಹಿಂದೆ ಚೆನ್ನಾಗಿರಲಿಲ್ಲವೆಂದೂ ಆಯಿತು, ತೂಕ ಮರಳಿದರೆ ಈ ಮಾತನ್ನು ಹಿಂದಕ್ಕೆ ಕೊಡಬೇಕೆಂದೂ ಆಯಿತು. ಸಾಲವಾಗಿ ಬಂದ ಸೊಬಗು ಅದು. ಮೈ ಇಳಿಸಿದವರಲ್ಲಿ ಹೆಚ್ಚಿನವರ ತೂಕ ಕೆಲವು ವರ್ಷಗಳಲ್ಲಿ ಬಹುಪಾಲು ಮರಳುತ್ತದೆಂಬುದನ್ನು ತಿಳಿದ ಮೇಲೂ ಹೀಗೆ ಹೊಗಳುವುದು, ಏಣಿ ಹತ್ತಿದವರ ಕೆಳಗಿನಿಂದ ಏಣಿಯನ್ನು ಮೆಲ್ಲನೆ ಅಲುಗಿಸಿದಂತೆ.

ಹೊಗಳಿಕೆಯ ಇನ್ನೊಂದು ಅಪಾಯವನ್ನು ನಾನು ಕಣ್ಣಾರೆ ಕಂಡೆ. 2024ರ ಬೇಸಗೆಯಲ್ಲಿ ನನ್ನ ತಂಗಿಯ ಮಗಳ ಮದುವೆ. (ಚಿರೋಟಿಯ ಮುಂದೆ ನನ್ನ ವೈರಾಗ್ಯ ನಿಲ್ಲಲಿಲ್ಲವೆಂಬುದೂ, ತೂಕ 77ಕ್ಕೆ ಏರಿತೆಂಬುದೂ ಬೇರೆಯ ಮಾತು.) ಬ್ಯಾಂಕಿನವರನ್ನು ಕರೆದಿದ್ದೆವು. ಆ ವೇಳೆಗೆ ಅವರು ಹದಿಮೂರು ಕಿಲೋ ಇಳಿದಿದ್ದರು. ಛತ್ರದಲ್ಲಿ ಹೆಂಗಸರು ಅವರನ್ನು ಸುತ್ತುವರಿದರು. ಗುಟ್ಟೇನು, ಯಾವ ಹಿಟ್ಟು, ಯಾವ ಕಷಾಯ ಎಂಬ ಪ್ರಶ್ನೆಗಳ ಸುರಿಮಳೆ. ಅವರೂ ಹಿಗ್ಗಿನಿಂದ ಉತ್ತರ ಹೇಳುತ್ತಿದ್ದರು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ನನ್ನ ಸೋದರತ್ತೆ, ಎಂಬತ್ತು ದಾಟಿದವರು, ಅವರನ್ನು ಹತ್ತಿರಕ್ಕೆ ಕರೆದು ಕೈ ಹಿಡಿದುಕೊಂಡು, “ಏನಮ್ಮಾ, ಯಾಕಮ್ಮಾ ಹೀಗೆ ಇಳಿದುಹೋಗಿದ್ದೀಯೆ? ಮೈಯಲ್ಲಿ ಸೌಖ್ಯವಾಗಿದ್ದೀಯಾ?” ಎಂದರು. ಸುತ್ತಲಿದ್ದವರು ನಕ್ಕರು: ಅಜ್ಜಿಯ ಕಾಲದ ಮಾತೆಂದು. ಸೋದರತ್ತೆ ನಗಲಿಲ್ಲ. “ಬಾಯಾರಿಕೆ ಬಹಳವೇ? ರಾತ್ರಿ ಎಷ್ಟು ಸಲ ಏಳುತ್ತೀಯೆ?” ಎಂದು ಕೇಳಿದರು. ಸಕ್ಕರೆ ಕಾಯಿಲೆಯ ಗಂಡನಿಗೆ ನಲವತ್ತು ವರ್ಷ ಅಡುಗೆ ಮಾಡಿ ಹಾಕಿದವರು ಅವರು. ಬ್ಯಾಂಕಿನವರ ಮುಖದ ಹಿಗ್ಗು ಆಗ ಇಳಿಯಿತು. ಮರುದಿನ ರಕ್ತಪರೀಕ್ಷೆಯಾಯಿತು. ಸಕ್ಕರೆ ಅಪಾಯದ ಮಟ್ಟವನ್ನು ಮುಟ್ಟಿತ್ತು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದರು.

ಮಧುಮೇಹ ಹತೋಟಿ ತಪ್ಪಿದರೆ ದೇಹ ಸಕ್ಕರೆಯನ್ನು ಬಳಸಿಕೊಳ್ಳಲಾರದೆ ತನ್ನ ಕೊಬ್ಬನ್ನೂ ಮಾಂಸವನ್ನೂ ತಾನೇ ತಿನ್ನತೊಡಗುತ್ತದೆ. ಕ್ಷಯದಲ್ಲಿಯೂ, ಗಂಟಲಿನ ಥೈರಾಯ್ಡ್ ಗ್ರಂಥಿ ಮಿತಿಮೀರಿ ದುಡಿದಾಗಲೂ, ಕೆಲವು ಅರ್ಬುದಗಳಲ್ಲಿಯೂ ಮೈ ಹೀಗೆಯೇ ಇಳಿಯುತ್ತದೆ. ನಮ್ಮ ಹಳೆಯ ಪ್ರಶ್ನೆ ಇವೆಲ್ಲವನ್ನೂ ಒಟ್ಟಿಗೆ ಕೇಳುತ್ತಿತ್ತು. ಇಳಿದದ್ದೆಲ್ಲ ಗೆಲುವೆಂದು ನಂಬಿದ ಹೊಸ ಕಣ್ಣಿಗೆ ಆ ಪ್ರಶ್ನೆಯೇ ಹೊಳೆಯಲಿಲ್ಲ.

ಇನ್ನು ಮನೆಯ ವಿಚಾರ. ಮನೆಯ ಗಂಡಸಿಗೆ ವೈದ್ಯರು ಪಥ್ಯ ಹೇಳಿದರೆ ಮನೆಯ ಅಡುಗೆಯೇ ಬದಲಾಗುತ್ತದೆ. ಅನ್ನದ ಬದಲು ಸಣ್ಣ ರಾಗಿಮುದ್ದೆ ಬರುತ್ತದೆ, ಎಣ್ಣೆ ತಗ್ಗುತ್ತದೆ, ಹುರುಳಿಕಾಯಿಗೆ ಮರ್ಯಾದೆ ಸಿಗುತ್ತದೆ. ಅದೇ ಮಾತನ್ನು ಹೆಂಗಸಿಗೆ ಹೇಳಿದರೆ ಅವಳು ಎಲ್ಲರಿಗೂ ಎಂದಿನಂತೆ ಬೇಯಿಸಿ, ಬಡಿಸಿ, ಪಾತ್ರೆಯಲ್ಲಿ ಉಳಿದದ್ದನ್ನು ಹಾಳು ಮಾಡಬಾರದೆಂದು ಬಳಿದುಕೊಂಡು, ಆಮೇಲೆ ತನ್ನ ಪಾಲಿನ ಸೌತೆಕಾಯಿಯನ್ನು ಹೆಚ್ಚಿಕೊಳ್ಳಬೇಕು. ಅವಳ ಪಥ್ಯ ಅವಳ ಖಾಸಗಿ ವ್ರತ. ‘ನಿನ್ನ ಸಂಕಲ್ಪಕ್ಕೆ ನಮ್ಮ ಬೆಂಬಲವಿದೆ’ ಎಂದು ಮನೆಯವರೆಲ್ಲ ಬಾಯಿತುಂಬ ಹೇಳುತ್ತಾರೆ. ಹೇಳಿ, ಬಜ್ಜಿ ಮಾಡೆನ್ನುತ್ತಾರೆ. ನಮ್ಮ ಮನೆಯಲ್ಲಿ ಇದು ಬೇರೆಯಾದದ್ದು ಯಜಮಾನರ ಒಂದು ಸಣ್ಣ ಕೆಲಸದಿಂದ. ಅವರು ನನ್ನನ್ನು ಒಮ್ಮೆಯೂ ಹುರಿದುಂಬಿಸಲಿಲ್ಲ, ತೂಕ ಎಷ್ಟೆಂದು ಕೇಳಲಿಲ್ಲ. ಸಂಜೆಯ ಹೊತ್ತು ಅಡುಗೆಮನೆಗೆ ಬಂದು, “ಉಳಿದ ಅನ್ನ ನಾನು ನೋಡಿಕೊಳ್ಳುತ್ತೇನೆ, ನೀನು ಹೊರಗೆ ಹೋಗು” ಎಂದು ಪಾತ್ರೆಗಳನ್ನು ತಾವೇ ಎತ್ತಿಡತೊಡಗಿದರು. ಬಳಿದುಕೊಂಡು ತಿನ್ನುವ ಎರಡು ತುತ್ತು ದಿನವೂ ತಪ್ಪಿತು. ವರ್ಷದ ಲೆಕ್ಕದಲ್ಲಿ ಅದು ಸಣ್ಣದಲ್ಲ.

ಜೊತೆಯಿಂದ ಪ್ರಯೋಜನವುಂಟೆಂಬುದಕ್ಕೆ ಅಂಕಿಗಳೂ ಇವೆ. 1999ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಒಂಟಿಯಾಗಿ ಬಂದು ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಶೇಕಡ 76 ಮಂದಿ ಅದನ್ನು ಕೊನೆಮುಟ್ಟಿಸಿದರೆ, ಗೆಳೆಯರೊಡನೆ ಸೇರಿ ಪರಸ್ಪರ ಒತ್ತಾಸೆಯನ್ನೂ ಪಡೆದವರಲ್ಲಿ ಶೇಕಡ 95 ಮಂದಿ ಮುಟ್ಟಿಸಿದರು. ಇಳಿಸಿದ್ದನ್ನು ಹತ್ತನೆಯ ತಿಂಗಳವರೆಗೆ ಪೂರ್ತಿಯಾಗಿ ಉಳಿಸಿಕೊಂಡವರು ಮೊದಲ ಗುಂಪಿನಲ್ಲಿ ಶೇಕಡ 24, ಎರಡನೆಯದರಲ್ಲಿ 66. ಹತ್ತು ತಿಂಗಳು ದೊಡ್ಡ ಕಾಲವಲ್ಲವೆಂಬುದನ್ನು ನಾನು ಬಲ್ಲೆ. ಈಗ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಗಳೂ ಬಂದಿವೆ. 2025ರಲ್ಲಿ ಅಂಥ ಎರಡು ಹೆಸರಾಂತ ಮದ್ದುಗಳು ನಮ್ಮ ದೇಶದ ಅಂಗಡಿಗಳನ್ನೂ ಸೇರಿದವು. ಅವು ಹಸಿವಿನ ಬಾಯಿಯನ್ನೇ ಮುಚ್ಚಿಸುತ್ತವೆ. ಆದರೆ ಅವುಗಳಲ್ಲೊಂದನ್ನು ನಿಲ್ಲಿಸಿದ ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿತೆಂದು 2022ರ ವರದಿ ಹೇಳುತ್ತದೆ. ವೈದ್ಯರ ಮಾತಿನಂತೆ ಅದನ್ನು ತೆಗೆದುಕೊಳ್ಳುವವರನ್ನು ಅಡ್ಡದಾರಿ ಹಿಡಿದವರೆಂದು ಹಳಿಯುವುದು ಶುರುವಾಗಿದೆ. ಬೆವರು ಸುರಿಸಿ ಇಳಿಸಿದರೆ ಪುಣ್ಯ, ಸೂಜಿಯಿಂದ ಇಳಿಸಿದರೆ ಪಾಪ ಎಂಬ ಈ ಹೊಸ ಶಾಸ್ತ್ರ ನನಗೆ ಅರ್ಥವಾಗಿಲ್ಲ. ಅವರಿಗೂ ಬೇಕಾದದ್ದು ಕತ್ತಲಲ್ಲಿ ನಡೆಯುವ ಜೊತೆಯೇ.

ಜೊತೆ ಎಂದೊಡನೆ ಎಲ್ಲವೂ ಒಳ್ಳೆಯದೆಂದೂ ತಿಳಿಯಬಾರದು. ವಿದ್ಯಾರ್ಥಿಗಳು ಓದುವ ಪುಟವಾದ್ದರಿಂದ ಇದನ್ನು ಹೇಳಲೇಬೇಕು. ಹೋದ ವರ್ಷ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಪಾಠದ ನಡುವೆ ತಲೆಸುತ್ತಿ ಬಿದ್ದಳು. ವಿಚಾರಿಸಿದರೆ, ಐವರು ಗೆಳತಿಯರ ಒಪ್ಪಂದ: ಬೆಳಗಿನ ತಿಂಡಿ ಬಿಡುವುದು, ಭಾನುವಾರ ಒಬ್ಬರನ್ನೊಬ್ಬರು ತೂಗುವುದು, ಇಳಿಯದವಳು ಹತ್ತು ರೂಪಾಯಿ ದಂಡ ಕೊಡುವುದು. ಅವರಲ್ಲಿ ಯಾರೂ ದಪ್ಪಗಿರಲಿಲ್ಲ. ಪರಸ್ಪರ ಬೆಂಬಲವೆಂದೇ ಅವರು ಅದನ್ನು ಕರೆದರು, ಪ್ರಾಮಾಣಿಕವಾಗಿಯೇ ಕರೆದರು. ಇಪ್ಪತ್ತು ತುಂಬದ, ರಕ್ತಹೀನತೆ ಮನೆಮನೆಯಲ್ಲಿರುವ ನಾಡಿನ ಹೆಣ್ಣುಮಕ್ಕಳು! ಬಿದ್ದವಳಿಗೆ ನೀರು ಚಿಮುಕಿಸುತ್ತಿದ್ದ ಗೆಳತಿಯ ಕಣ್ಣಲ್ಲಿದ್ದ ಭಯವನ್ನು ನಾನು ಮರೆತಿಲ್ಲ. ದಂಡದ ಡಬ್ಬಿಯಲ್ಲಿ ಕೂಡಿದ್ದ ನೂರಾ ಎಂಬತ್ತು ರೂಪಾಯಿಗೆ ಅಂದೇ ಐವರನ್ನೂ ಕೂರಿಸಿ ಇಡ್ಲಿ ತಿನ್ನಿಸಿದೆ. ಸಾಲದ್ದಕ್ಕೆ ನನ್ನ ಕೈಯಿಂದಲೂ ಕೊಟ್ಟೆ. ಇದು ಒತ್ತಾಯವೇ ಎಂದು ಯಾರಾದರೂ ಕೇಳಿದರೆ, ಹೌದು, ಒತ್ತಾಯವೇ.

ನನ್ನ ತೂಕ ಈಗ 73ರ ಹತ್ತಿರ ತೂಗಾಡುತ್ತಿದೆ. ಕೆಲವು ವಾರ 74. ಮೆಟ್ಟಿಲು ಹತ್ತುವಾಗ ಮಂಡಿಗಳು ಮೊದಲಿನಷ್ಟು ಮಾತಾಡುವುದಿಲ್ಲ. ಬ್ಯಾಂಕಿನವರು ಇನ್ಸುಲಿನ್ ತೆಗೆದುಕೊಂಡು ನಾಲ್ಕು ಕಿಲೋ ಮರಳಿ ಪಡೆದರು. ನಡಿಗೆಗೆ ಬರುತ್ತಾರೆ, ಕೊಬ್ಬರಿ ಮಿಠಾಯಿಯ ಡಬ್ಬಿಯನ್ನು ಹೊಲಿಗೆಯಾಕೆಯ ವಶಕ್ಕೆ ಕೊಟ್ಟಿದ್ದಾರೆ, ಅದು ಅಲ್ಲಿ ಎಷ್ಟು ಭದ್ರವೋ ತಿಳಿಯದು. ಹೋದ ತಿಂಗಳು ನನ್ನ ಹಳೆಯ ರವಿಕೆಗಳು ಸಡಿಲವೆಂದು ಅವಳಲ್ಲಿಗೆ ಒಯ್ದೆ. ಎರಡೂ ಬದಿಯಲ್ಲಿ ಒಂದೊಂದು ಅಂಗುಲ ಒಳಗೆ ಹಿಡಿದು ಹೊಲಿದಳು. ಒಳಗೆ ಉಳಿದ ಬಟ್ಟೆ ಚುಚ್ಚುತ್ತದೆ, ಕತ್ತರಿಸಿಬಿಡು ಎಂದೆ. ಅವಳು ಕತ್ತರಿಯನ್ನು ಮುಟ್ಟಲಿಲ್ಲ. “ಇರಲಿ ಮೇಡಂ, ಬೇಕಾದಾಗ ಬಿಚ್ಚಿಕೊಡ್ತೀನಿ” ಎಂದು ದಾರ ಕಡಿದು, ಮಡಿಸಿ, ಕೈಗೆ ಕೊಟ್ಟಳು.